ಪುಕ್ಕಟೆ ಟಿಕೆಟ್, ಬೇರೆಯವರ ಬ್ಯಾಗು

ದಾವಣಗೆರೆಯವರಿಗೆ ಬ್ಯಾಂಕಾಕ್ ಈಗ ದೂರದ ಊರಲ್ಲ. ರಾತ್ರಿ ಊಟ ಮುಗಿಸಿ ಬಸ್ ಹತ್ತಿದರೆ ಬೆಳಗಿನ ಜಾವ ಬೆಂಗಳೂರು, ಅಲ್ಲಿಂದ ವಿಮಾನದಲ್ಲಿ ಸುಮಾರು ನಾಲ್ಕು ಗಂಟೆ. 2023ರ ನವೆಂಬರ್‌ನಲ್ಲಿ ಥಾಯ್ಲೆಂಡ್ ಭಾರತೀಯ ಪ್ರವಾಸಿಗರಿಗೆ ವೀಸಾ ಬೇಡವೆಂದಿತು. ಡಿಸೆಂಬರ್‌ನಲ್ಲಿ ಮಲೇಷ್ಯಾ ಕೂಡ ಅದೇ ದಾರಿ ಹಿಡಿಯಿತು. ಅಲ್ಲಿಂದೀಚೆಗೆ ಧರ್ಮಸ್ಥಳ, ಸುಬ್ರಹ್ಮಣ್ಯ ಟ್ರಿಪ್ಪಿನ ಬ್ಯಾನರ್ ಪಕ್ಕದಲ್ಲೇ ಪಟ್ಟಾಯದ ಬ್ಯಾನರೂ ತೂಗತೊಡಗಿದೆ. ಮೆಕ್ಕೆಜೋಳದ ಬೀಜ, ಕೀಟನಾಶಕ, ಸಿಮೆಂಟು, ಪೇಂಟು ಮಾರುವ ಡೀಲರುಗಳಿಗೆ ಟಾರ್ಗೆಟ್ ಮುಟ್ಟಿದ್ದಕ್ಕೆ ಕಂಪನಿಗಳು ಕೊಡುವ ಬಹುಮಾನದ ಟೂರೂ ಹೆಚ್ಚಾಗಿ ಅದೇ ದಿಕ್ಕಿನದು. ನಿಟ್ಟುವಳ್ಳಿಯಂಥ ಬಡಾವಣೆಯಲ್ಲಿ, ಒಂದು ಕಾಲಕ್ಕೆ ಹತ್ತಿ ಗಿರಣಿಯ ಪಾಳಿ ಲೆಕ್ಕದಲ್ಲಿ ಎದ್ದು ಮಲಗುತ್ತಿದ್ದವರ ಮೊಮ್ಮಕ್ಕಳು ಪಾಸ್‌ಪೋರ್ಟ್ ಮಾಡಿಸಿ ಇಟ್ಟುಕೊಂಡಿದ್ದಾರೆ. ಲೋಕ ನೋಡುವ ಆಸೆ ದುಡ್ಡಿದ್ದವರಿಗೆ ಮಾತ್ರ ಮೀಸಲು ಎಂಬ ಕಾಲ ಹೋಯಿತು. ಇದಕ್ಕೆ ಯಾರೂ ಮುಖ ಸಿಂಡರಿಸಬೇಕಾಗಿಲ್ಲ.

ಆದರೆ ಒಂದು ಮಾತನ್ನು ಈಗಲೇ ಹೇಳಬೇಕು. ನಮ್ಮ ಬೀದಿಯ ಹುಡುಗನ ಫೋಟೊ ಪತ್ರಿಕೆಯ ಅಪರಾಧ ಪುಟದಲ್ಲಿ ಬಂದ ಮೇಲೆ ಬರೆಯುವ ಸಂಪಾದಕೀಯದಿಂದ ಅವನ ತಾಯಿಗೆ ಮೂರು ಕಾಸಿನ ಪ್ರಯೋಜನವಿಲ್ಲ.

ಕಳೆದ ಕೆಲವು ವರ್ಷಗಳಿಂದ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ, ಮುಂಬೈಯಲ್ಲಿ, ಚೆನ್ನೈಯಲ್ಲಿ ಕಸ್ಟಮ್ಸ್‌ನವರ ಪ್ರಕಟಣೆಗಳು ಒಂದೇ ಅಚ್ಚಿನಲ್ಲಿ ಬರುತ್ತಿವೆ: ಬ್ಯಾಂಕಾಕಿನಿಂದ ಬಂದ ಪ್ರಯಾಣಿಕ, ಟ್ರಾಲಿ ಬ್ಯಾಗು, ಒಳಗೆ ಹೈಡ್ರೊಪೋನಿಕ್ ಗಾಂಜಾ. ಮಣ್ಣಿಲ್ಲದೆ, ಕೋಣೆಯೊಳಗೆ, ಪೋಷಕಾಂಶ ಬೆರೆಸಿದ ನೀರಿನಲ್ಲಿ ವಿದ್ಯುತ್ ಬೆಳಕಿನಡಿ ಬೆಳೆಸುವ ಗಾಂಜಾ ಇದು. ಅಮಲು ಜಾಸ್ತಿ, ಬೆಲೆ ಇನ್ನೂ ಜಾಸ್ತಿ. ಹಿಡಿದ ಮಾಲಿಗೆ ಅಧಿಕಾರಿಗಳು ಕಟ್ಟುವ ಬೆಲೆ ಕಿಲೋಗೆ ಕೋಟಿ ರೂಪಾಯಿ ಆಸುಪಾಸು. ಇಷ್ಟು ಬೆಲೆಯ ಮಾಲನ್ನು ಅದರ ಒಡೆಯ ತಾನೇ ಹೊತ್ತು ತರುವುದಿಲ್ಲ. ಅವನಿಗೆ ಬೇಕಾದದ್ದು ಪೊಲೀಸ್ ದಾಖಲೆ ಇಲ್ಲದ, ಹೊಸ ಪಾಸ್‌ಪೋರ್ಟಿನ, ವಿಮಾನ ಹತ್ತುವ ಆಸೆಯ ಒಬ್ಬ ಹುಡುಗ. ಬೆಂಗಳೂರಿನಲ್ಲಿ ಅಂಥವರು ಎಚ್ಚೆತ್ತುಕೊಂಡರೆ ಹುಡುಕಾಟ ಎರಡನೇ ಸಾಲಿನ ಊರುಗಳಿಗೆ ಇಳಿಯುತ್ತದೆ. ಇಂಜಿನಿಯರಿಂಗ್, ಡೆಂಟಲ್, ಪಾಲಿಟೆಕ್ನಿಕ್ ಎಲ್ಲ ಇದ್ದು, ಓದು ಮುಗಿಸಿ ಕೆಲಸಕ್ಕೆ ಕಾಯುವವರ ದಂಡೂ ಇರುವ ದಾವಣಗೆರೆ ಆ ಸಾಲಿನಲ್ಲಿ ಮುಂದೆಯೇ ನಿಲ್ಲುತ್ತದೆ.

ಕರೆ ಬರುವ ಬಗೆ ಹೀಗೆ. ಪರಿಚಯದವನ ಪರಿಚಯದವನು, ಟೀ ಅಂಗಡಿಯಲ್ಲಿ ಬೈಕ್ ನಿಲ್ಲಿಸಿ: "ಏನಪ, ಒಂದ್ಸಲ ಬ್ಯಾಂಕಾಕ್ ನೋಡ್ಕೊಂಡ್ ಬರ್ತೀಯೇನು? ಟಿಕೆಟ್ಟು, ರೂಮು ಎಲ್ಲ ನಮ್ದೇ. ಸೊಂಗ್‌ಕ್ರಾನ್ ಹಬ್ಬ ಐತಿ, ನೀರಾಟ ಆಡ್ಕೊಂಡು ಬಾ." ಹುಡುಗ ಹಿಂದೆಮುಂದೆ ನೋಡಿದರೆ ಎರಡನೇ ಮಾತು: "ಬರೋವಾಗ ಒಂದು ಬ್ಯಾಗ್ ಕೊಡ್ತಾರೆ, ತಗೊಂಡ್ ಬಂದ್ರಾತು. ತಿಂಡಿ ಪ್ಯಾಕೆಟ್ಟು, ಕಾಸ್ಮೆಟಿಕ್ಸು, ಅಷ್ಟೆ." ಗಾಂಜಾ ಎಂಬ ಶಬ್ದ ಅಲ್ಲಿ ಬರುವುದೇ ಇಲ್ಲ. ಬಂದರೂ ಅದಕ್ಕೊಂದು ಸಿದ್ಧ ಉತ್ತರ ಉಂಟು: "ಅಲ್ಲಿ ಅದು ಲೀಗಲ್ ಕಣೋ."

ಆ ಬ್ಯಾಗನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಸಾಮಾನ್ಯ ಟ್ರಾಲಿ, ಬಟ್ಟೆ ತೆಗೆದರೂ ತೂಕ ಇಳಿಯುವುದಿಲ್ಲ, ಏಕೆಂದರೆ ತಳಕ್ಕೆ ಇನ್ನೊಂದು ತಳ ಕೂರಿಸಿರುತ್ತಾರೆ. ಅಥವಾ ಒಣಹಣ್ಣು, ಚಾಕೊಲೇಟು, ನೂಡಲ್ಸಿನ ಬಣ್ಣದ ಪೊಟ್ಟಣಗಳು; ಅಂಗಡಿಯ ಮಾಲಿನ ಹಾಗೇ ಕಂಡರೂ ಒಳಗೆ ಗಾಳಿ ಹೀರಿ ಸೀಲ್ ಮಾಡಿದ ಪ್ಲಾಸ್ಟಿಕ್ ಚೀಲ. ಬ್ಯಾಂಕಾಕಿನ ಕೌಂಟರಿನಲ್ಲಿ ಆ ಬ್ಯಾಗಿಗೆ ಒಂದು ಚೀಟಿ ಸುತ್ತುತ್ತಾರೆ, ಅದೇ ನಂಬರಿನ ತುಂಡೊಂದನ್ನು ನಿಮ್ಮ ಬೋರ್ಡಿಂಗ್ ಪಾಸಿಗೆ ಅಂಟಿಸುತ್ತಾರೆ. ಆ ಕ್ಷಣಕ್ಕೆ ಬ್ಯಾಗು ಕೊಟ್ಟವನು ಕಾಣೆಯಾದ, ಬ್ಯಾಗು ನಿಮ್ಮದಾಯಿತು. ಇತ್ತ ವಿಮಾನ ನೆಲ ಮುಟ್ಟುವ ಮೊದಲೇ ಪ್ರಯಾಣಿಕರ ಪಟ್ಟಿ ಬೆಂಗಳೂರಿನ ಅಧಿಕಾರಿಗಳ ಕೈಯಲ್ಲಿರುತ್ತದೆ. ಹಬ್ಬದ ಗದ್ದಲದಲ್ಲಿ ಚೆಕಿಂಗ್ ಇರುವುದಿಲ್ಲ ಎಂದು ಹೇಳಿ ಕಳಿಸಿದವನು ಒಂದೋ ದಡ್ಡ, ಇಲ್ಲವೇ ನಿಮ್ಮನ್ನು ದಡ್ಡ ಎಂದುಕೊಂಡವನು.

ಇನ್ನು ಆ 'ಲೀಗಲ್' ಮಾತು. 2022ರ ಜೂನ್ 9ರಂದು ಥಾಯ್ಲೆಂಡ್ ಗಾಂಜಾವನ್ನು ಮಾದಕ ಪದಾರ್ಥಗಳ ಪಟ್ಟಿಯಿಂದ ತೆಗೆದದ್ದು ನಿಜ. ಬ್ಯಾಂಕಾಕಿನ ಬೀದಿ ಬೀದಿಯಲ್ಲಿ ಹಸಿರು ಎಲೆಯ ಬೋರ್ಡಿನ ಅಂಗಡಿಗಳು ಎದ್ದದ್ದೂ ನಿಜ. ಮೂರು ವರ್ಷಕ್ಕೆ ಅಲ್ಲಿನ ಸರ್ಕಾರವೇ ಕೈ ಹಿಸುಕಿಕೊಂಡು, 2025ರ ಜೂನ್‌ನಲ್ಲಿ ವೈದ್ಯರ ಚೀಟಿ ಇಲ್ಲದೆ ಗಾಂಜಾ ಹೂವು ಮಾರುವಂತಿಲ್ಲ ಎಂದು ಆದೇಶ ಹೊರಡಿಸಿತು. ಅಂಗಡಿಯ ಬೋರ್ಡು ನೋಡಿ ಕಾನೂನು ತಿಳಿದೆ ಎಂದುಕೊಳ್ಳುವವರಿಗೆ ಇದು ಗೊತ್ತಿರುವುದಿಲ್ಲ. ಗೊತ್ತಿದ್ದರೂ ಫಲವಿಲ್ಲ, ಅಲ್ಲಿನ ಕಾನೂನು ಏನೇ ಇರಲಿ, ದೇವನಹಳ್ಳಿಯಲ್ಲಿ ಇಳಿದವನಿಗೆ ಅನ್ವಯಿಸುವುದು ನಮ್ಮ 1985ರ ಎನ್‌ಡಿಪಿಎಸ್ ಕಾಯ್ದೆ.

ಆ ಕಾಯ್ದೆಯ ಲೆಕ್ಕ ಮನೆಮಂದಿಗೆಲ್ಲ ತಿಳಿದಿರಬೇಕು. ಗಾಂಜಾ ಒಂದು ಕಿಲೋದೊಳಗಿದ್ದರೆ ಒಂದು ವರ್ಷದವರೆಗೆ ಕಠಿಣ ಸಜೆ. ಒಂದು ಕಿಲೋ ದಾಟಿ ಇಪ್ಪತ್ತು ಕಿಲೋ ಮೀರದಿದ್ದರೆ ಹತ್ತು ವರ್ಷದವರೆಗೆ. ಇಪ್ಪತ್ತು ಕಿಲೋ ದಾಟಿದರೆ ಹತ್ತಕ್ಕೆ ಕಮ್ಮಿಯಿಲ್ಲ, ಇಪ್ಪತ್ತು ವರ್ಷದವರೆಗೂ ಹೋಗಬಹುದು; ಜಾಮೀನೂ ಅಷ್ಟು ಸುಲಭಕ್ಕೆ ಸಿಗದು. ಟ್ರಾಲಿ ಬ್ಯಾಗಿನಲ್ಲಿ ಒಂದು ಕಿಲೋ ಎಂಬುದು ಲೆಕ್ಕಕ್ಕೇ ಬಾರದ ತೂಕ. "ಒಳಗೇನಿದೆ ಅಂತ ನನಗೆ ಗೊತ್ತಿರಲಿಲ್ಲ ಸಾರ್" ಎಂದು ಅಳುವವನಿಗೆ ಕಾಯ್ದೆಯ 35ನೇ ಕಲಂ ಎದುರಾಗುತ್ತದೆ. ಆರೋಪಿಗೆ ಗೊತ್ತಿತ್ತು ಎಂದೇ ನ್ಯಾಯಾಲಯ ಭಾವಿಸಿಕೊಳ್ಳಬೇಕು. ಗೊತ್ತಿರಲಿಲ್ಲ ಎಂಬುದನ್ನು ಸಂಶಯಕ್ಕೆ ಎಡೆಯಿಲ್ಲದಂತೆ ಆರೋಪಿಯೇ ಸಾಬೀತು ಮಾಡಬೇಕು. ಬ್ಯಾಗು ಕೊಟ್ಟವನ ನಿಜವಾದ ಹೆಸರೂ ತಿಳಿಯದ ಹುಡುಗ ಅದನ್ನು ಯಾವ ಬಾಯಿಂದ ಸಾಬೀತು ಮಾಡುತ್ತಾನೆ?

ಗಾಂಜಾ ಒಂದೇ ಅಲ್ಲ ಎಂಬುದಕ್ಕೆ ಒಂದು ವಿಚಿತ್ರ ಪ್ರಕರಣ. 2023ರ ಆಗಸ್ಟ್‌ನಲ್ಲಿ ಬ್ಯಾಂಕಾಕಿನಿಂದ ಬೆಂಗಳೂರಿಗೆ ಬಂದಿಳಿದ ಪ್ರಯಾಣಿಕನೊಬ್ಬನ ಟ್ರಾಲಿಯಲ್ಲಿ ಕಸ್ಟಮ್ಸ್‌ನವರಿಗೆ ಸಿಕ್ಕಿದ್ದು 234 ಕಾಡುಪ್ರಾಣಿಗಳು: ಹೆಬ್ಬಾವು, ಗೋಸುಂಬೆ, ಆಮೆ, ಮೊಸಳೆ ಜಾತಿಯ ಮರಿಗಳು, ಜೊತೆಗೆ ಉಸಿರುಕಟ್ಟಿ ಸತ್ತ ಒಂದು ಕಾಂಗರೂ ಮರಿ. ಬೇರೆಯವರ ಬ್ಯಾಗಿನಲ್ಲಿ ಏನೆಲ್ಲ ಇರಬಹುದು ಎಂದು ಊಹಿಸಲು ನಮ್ಮ ಬುದ್ಧಿ ಸಾಲದು.

ಪುಕ್ಕಟೆ ಟಿಕೆಟ್ಟಿಗೆ ಇನ್ನೊಂದು ಮುಖವೂ ಇದೆ. ಅದರಲ್ಲಿ ಮರಳಿ ತರಬೇಕಾದ ಬ್ಯಾಗೇ ಇರುವುದಿಲ್ಲ, ಏಕೆಂದರೆ ಮರಳಿ ಬರುವುದೇ ಇರುವುದಿಲ್ಲ. "ಥಾಯ್ಲೆಂಡಿನಲ್ಲಿ ಡೇಟಾ ಎಂಟ್ರಿ ಕೆಲಸ, ತಿಂಗಳಿಗೆ ಎಂಬತ್ತು ಸಾವಿರ, ಸದ್ಯಕ್ಕೆ ಟೂರಿಸ್ಟ್ ಅಂತ ಬಾ, ಆಮೇಲೆ ವರ್ಕ್ ಪರ್ಮಿಟ್ ಮಾಡಿಸೋಣ" ಎಂಬ ಮಾತಿಗೆ ಸೋತು ಹೋದವರನ್ನು ಬ್ಯಾಂಕಾಕಿನಲ್ಲಿ ಕಾರು ಹತ್ತಿಸಿ, ಗಂಟೆಗಟ್ಟಲೆ ಓಡಿಸಿ, ಗಡಿಯ ಮೇ ಸೋಟ್ ಊರಿಗೆ ತಂದು, ಮೋಯಿ ನದಿ ದಾಟಿಸಿದ ಕಥೆಗಳು ಒಂದೆರಡಲ್ಲ. ಆಚೆ ದಡ ಮ್ಯಾನ್ಮಾರಿನ ಮ್ಯಾವಡ್ಡಿ. ಅಲ್ಲಿನ ಕೆಕೆ ಪಾರ್ಕ್‌ನಂಥ ಬೇಲಿ ಹಾಕಿದ ಕಟ್ಟಡಗಳಲ್ಲಿ ಪಾಸ್‌ಪೋರ್ಟ್ ಕಿತ್ತುಕೊಂಡು, ದಿನವಿಡೀ ಫೋನಿನಲ್ಲಿ ಜನರನ್ನು ವಂಚಿಸುವ ಕೆಲಸಕ್ಕೆ ಕೂರಿಸುತ್ತಾರೆ. 2025ರ ಮಾರ್ಚ್‌ನಲ್ಲಿ ಭಾರತೀಯ ವಾಯುಪಡೆಯ ವಿಮಾನಗಳು ಎರಡು ದಿನದಲ್ಲಿ 549 ಮಂದಿಯನ್ನು ಮೇ ಸೋಟ್‌ನಿಂದ ಕರೆತಂದವು; ಅದೇ ವರ್ಷದ ನವೆಂಬರ್‌ನಲ್ಲಿ ಮತ್ತೆ ನೂರಾರು ಮಂದಿಯನ್ನು ತರಬೇಕಾಯಿತು. ಕಾಂಬೋಡಿಯಾದಿಂದ ಸುಮಾರು 250 ಮಂದಿಯನ್ನು ಬಿಡಿಸಿ ತಂದಿದ್ದೇವೆ ಎಂದು ವಿದೇಶಾಂಗ ಸಚಿವಾಲಯ 2024ರಲ್ಲೇ ಹೇಳಿತ್ತು. 'ಡಿಜಿಟಲ್ ಅರೆಸ್ಟ್' ಎಂದು ಹೆದರಿಸಿ ನಮ್ಮ ನಿವೃತ್ತ ಮೇಷ್ಟರುಗಳ ಪಿಂಚಣಿ ದುಡ್ಡು ಕೀಳುವ ಕರೆಗಳಲ್ಲಿ ಎಷ್ಟೋ ಇಂಥ ಕಟ್ಟಡಗಳಿಂದಲೇ ಹೊರಡುತ್ತವೆ. ಕರೆ ಮಾಡುವವನೂ ಯಾರದೋ ಮನೆಯ ಮಗ ಎಂಬುದು ಈ ದಂಧೆಯ ಕ್ರೌರ್ಯ.

ಎರಡಕ್ಕೂ ಹಬ್ಬ, ಪ್ರವಾಸ ಒಳ್ಳೆಯ ಮುಸುಕು. ಪ್ರವಾಸಿಗೆ ವೀಸಾ ಬೇಡ, ಇಮಿಗ್ರೇಷನ್ ಕೌಂಟರಿನಲ್ಲಿ ಹೇಳಲು ಒಂದು ಕಾರಣ ಉಂಟು, ಮನೆಯಲ್ಲೂ ತಕರಾರು ಬರುವುದಿಲ್ಲ. "ಫ್ರೆಂಡ್ಸ್ ಜೊತೆ ಟೂರ್" ಎಂದರೆ ತಂದೆ ಹೆಚ್ಚೆಂದರೆ ಗೊಣಗಿಯಾನು. ಹಾಗಾಗಿ ಮನೆಯವರು ಕೇಳಬೇಕಾದ ಪ್ರಶ್ನೆ 'ಎಲ್ಲಿಗೆ' ಎಂಬುದಲ್ಲ. ಟಿಕೆಟ್ಟಿನ ದುಡ್ಡು ಯಾರದು? ಹೋಟೆಲು ಯಾರ ಹೆಸರಿನಲ್ಲಿದೆ? ಮರಳಿ ಬರುವ ಟಿಕೆಟ್ಟಿನ ನಂಬರು ಎಲ್ಲಿ? ಮೂರಕ್ಕೂ ಒಬ್ಬನೇ ಅಪರಿಚಿತನ ಹೆಸರು ಬಂದರೆ ಪಾಸ್‌ಪೋರ್ಟನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ. ಹುಡುಗನಿಗೆ ಇದು ಅನುಮಾನ, ಅವಮಾನ ಅನ್ನಿಸಿದರೆ ಅವನೇ ಒಂದು ಪರೀಕ್ಷೆ ಮಾಡಲಿ: ಹೋಗುವ ಮೊದಲೇ "ಅಣ್ಣ, ಬರುವಾಗ ನನ್ನ ಬ್ಯಾಗ್ ಬಿಟ್ಟು ಬೇರೆ ಏನೂ ತರಲ್ಲ" ಎಂದು ಹೇಳಿ ನೋಡಲಿ. ಆಮೇಲೂ ಟಿಕೆಟ್ ಉಳಿದರೆ ಮುಂದಿನ ಮಾತು.

ಸ್ವಂತ ದುಡ್ಡಿನಲ್ಲಿ, ಚೀಟಿ ಎತ್ತಿ ಹೋಗುವವರದೇ ಬಹುಸಂಖ್ಯೆ ಎಂಬುದು ನಮಗೆ ಗೊತ್ತು. ಅವರ ಕಷ್ಟಗಳು ಸಣ್ಣವು, ಆದರೆ ಇವೆ. ಥಾಯ್ಲೆಂಡಿಗೆ ಇಳಿಯುವ ಮುಂಚಿನ ಮೂರು ದಿನದೊಳಗೆ ತುಂಬಬೇಕಾದ ಡಿಜಿಟಲ್ ಕಾರ್ಡು 2025ರ ಮೇ 1ರಿಂದ ಕಡ್ಡಾಯವಾಯಿತು. ಅದಕ್ಕೆ ಅಲ್ಲಿನ ಸರ್ಕಾರ ಒಂದು ಪೈಸೆ ತೆಗೆದುಕೊಳ್ಳುವುದಿಲ್ಲ. ದುಡ್ಡು ಕೇಳುವ ವೆಬ್‌ಸೈಟು ಸರ್ಕಾರದ್ದಲ್ಲ. ಅರಮನೆ ನೋಡಲು ಹೋದವರನ್ನು ಗೇಟಿನ ಹತ್ತಿರ ಟುಕ್‌ಟುಕ್‌ನವನು ತಡೆದು "ಇವತ್ತು ಪೂಜೆ, ಮುಚ್ಚಿದೆ" ಎಂದು ನಗುಮುಖದಿಂದ ಹೇಳಿ ಹರಳಿನ ಅಂಗಡಿಗೆ ಒಯ್ಯುವುದು ಬ್ಯಾಂಕಾಕಿನ ಹಳೆಯ ವಿದ್ಯೆ. ಅವನ ಮಾತು ಬಿಟ್ಟು ಗೇಟಿನವರೆಗೆ ನಡೆಯಿರಿ. ಬುದ್ಧನ ವಿಗ್ರಹ ಕೊಂಡು ತರಲು ಅಲ್ಲಿನ ಲಲಿತಕಲಾ ಇಲಾಖೆಯ ಅನುಮತಿ ಬೇಕು. ರಾಜಮನೆತನದ ಬಗ್ಗೆ ತಮಾಷೆಯ ರೀಲ್ಸ್ ಮಾಡಿದರೆ ಜೈಲು. ನಗೆಯ ಮಾತಲ್ಲ, ಮೂರರಿಂದ ಹದಿನೈದು ವರ್ಷ. ಊರಿನ ಏಜೆಂಟರ ವಿಷಯ: ವಿದೇಶ ಪ್ಯಾಕೇಜಿಗೆ ಪ್ಯಾನ್ ಕೇಳದೆ, ಟಿಸಿಎಸ್ ತೆರಿಗೆ ಹಾಕದೆ, ಬಿಲ್ ಕೊಡದೆ ಬರೀ ನಗದು ಎಣಿಸಿಕೊಳ್ಳುವವನು ಕಡಿಮೆ ಬೆಲೆಗೆ ಒಯ್ಯುತ್ತಾನೆ ಎಂದು ಹಿಗ್ಗಬೇಡಿ.

ಹಬ್ಬದ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು. ಸೊಂಗ್‌ಕ್ರಾನ್ ನಡೆಯುವುದು ಏಪ್ರಿಲ್ 13ರಿಂದ 15ರವರೆಗೆ, ಸೂರ್ಯ ಮೇಷಕ್ಕೆ ಬರುವ ಹೊತ್ತು. ಯುಗಾದಿ ಮಾಡುವ ನಮಗೆ ಅದನ್ನು ಯಾರೂ ವಿವರಿಸಬೇಕಿಲ್ಲ. ಹಿರಿಯರ ಅಂಗೈಗೆ ಪರಿಮಳದ ನೀರು ಹಾಕಿ ಆಶೀರ್ವಾದ ಪಡೆಯುವುದು ಅದರ ಮೂಲ. ಬೀದಿಯ ನೀರಾಟ ಮೇಲಿನ ಸಂಭ್ರಮ. 2023ರಲ್ಲಿ ಯುನೆಸ್ಕೊ ಅದನ್ನು ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ಅದೇ ವಾರವನ್ನು ಥಾಯ್ ಜನ 'ಏಳು ಅಪಾಯದ ದಿನ' ಎಂದೂ ಕರೆಯುತ್ತಾರೆ. ಆ ಏಳು ದಿನದಲ್ಲಿ ರಸ್ತೆಯಲ್ಲಿ ಸಾಯುವವರ ಸಂಖ್ಯೆ ಈಚಿನ ವರ್ಷಗಳಲ್ಲೂ ಇನ್ನೂರು ದಾಟುತ್ತಿದೆ, ಹೆಚ್ಚಿನವು ದ್ವಿಚಕ್ರ ವಾಹನದ ಅಪಘಾತಗಳು. ಊರಲ್ಲಿ ಹೆಲ್ಮೆಟ್ಟನ್ನು ಪೊಲೀಸರ ಮುಖ ನೋಡಿ ಹಾಕುವ ನಮ್ಮ ಹುಡುಗರು ಅಲ್ಲಿ ಹೋಗಿ ಬಾಡಿಗೆ ಸ್ಕೂಟರ್ ಹತ್ತುತ್ತಾರೆ. ಸಾವಿರ ರೂಪಾಯಿ ಶುಲ್ಕಕ್ಕೆ ನಮ್ಮ ಆರ್‌ಟಿಒದಲ್ಲೇ ಸಿಗುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಇಲ್ಲದೆ ಬಿದ್ದರೆ ಪ್ರವಾಸ ವಿಮೆಯವರು ಕೈ ತೊಳೆದುಕೊಳ್ಳುವ ಸಂಭವವೇ ಹೆಚ್ಚು. ಆಸ್ಪತ್ರೆಯ ಬಿಲ್ಲಿಗೆ ಊರಿನ ಸೈಟು ಮಾರಬೇಕಾದೀತು. ಜನಜಂಗುಳಿಯ ಅಪಾಯವೂ ಅಷ್ಟೇ. 2010ರ ನವೆಂಬರ್ 22ರ ರಾತ್ರಿ ಕಾಂಬೋಡಿಯಾದ ಫ್ನೊಮ್ ಪೆನ್‌ನಲ್ಲಿ ಜಲೋತ್ಸವ ಮುಗಿಸಿ ಹೊರಟ ಜನ ಒಂದು ಸೇತುವೆಯ ಮೇಲೆ ಸಿಕ್ಕಿಕೊಂಡು ಸುಮಾರು 350 ಮಂದಿ ಸತ್ತರು. ಚಿನ್ನಸ್ವಾಮಿ ಕ್ರೀಡಾಂಗಣದ ಗೇಟಿನ ಮುಂದೆ 2025ರ ಜೂನ್ 4ರಂದು ಹನ್ನೊಂದು ಮಂದಿಯನ್ನು ಕಳೆದುಕೊಂಡ ರಾಜ್ಯದವರಿಗೆ ಇದನ್ನು ಬಿಡಿಸಿ ಹೇಳುವುದು ಬೇಡ. ತೆರಳುವ ದಾರಿ ಯಾವುದೆಂದು ಮೊದಲೇ ನೋಡಿಟ್ಟುಕೊಂಡು ಗುಂಪಿನ ಅಂಚಿನಲ್ಲಿ ನಿಲ್ಲುವವನೇ ಜಾಣ.

ಕಾಂಬೋಡಿಯಾದ ಹೆಸರು ಬಂದದ್ದಕ್ಕೆ ಸ್ವಲ್ಪ ಅಡ್ಡದಾರಿ. ನಮ್ಮ ಪಕ್ಕದ ಹರಿಹರದಲ್ಲಿ ಬಲಕ್ಕೆ ಶಿವ, ಎಡಕ್ಕೆ ವಿಷ್ಣು ಒಂದೇ ಮೈಯಾಗಿ ನಿಂತಿದ್ದಾರೆ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ ಆ ಗುಡಿ ಕಟ್ಟಿಸಿದ್ದು 1224ರಲ್ಲಿ. ಅದಕ್ಕೂ ಸುಮಾರು ಐದು ಶತಮಾನ ಮುಂಚೆಯೇ ಖ್ಮೇರ್ ನಾಡಿನ ಶಿಲ್ಪಿಗಳು ಇದೇ ಹರಿಹರನನ್ನು ಆಳೆತ್ತರಕ್ಕೆ ಕಡೆದಿದ್ದರು. ಪ್ರಸಾತ್ ಅಂಡೆಟ್ ಎಂಬಲ್ಲಿ ಸಿಕ್ಕ ಅಂಥದೊಂದು ಮೂರ್ತಿ ಫ್ನೊಮ್ ಪೆನ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ: ಕಿರೀಟದ ಒಂದು ಪಕ್ಕ ಜಟೆ, ಇನ್ನೊಂದು ಪಕ್ಕ ನುಣುಪು. ಅಂಕೋರ್‌ಗೂ ಮೊದಲು ಅವರ ರಾಜಧಾನಿಯ ಹೆಸರೇ ಹರಿಹರಾಲಯ. ಇವತ್ತಿನ ಸಿಯೆಮ್ ರೀಪ್ ಬಳಿಯ ರೊಲೂಒಸ್ ಅದು. ಅಲ್ಲಿ ಒಂದನೇ ಇಂದ್ರವರ್ಮ 881ರಲ್ಲಿ ಪ್ರತಿಷ್ಠೆ ಮಾಡಿಸಿದ ಬಾಕೋಂಗ್ ಗುಡಿಯ ಕಲ್ಲು ಮೆಟ್ಟಿಲುಗಳನ್ನು ಈಗಲೂ ಹತ್ತಬಹುದು. ತುಂಗಭದ್ರೆಯ ದಡದಿಂದ ಹೋದವನಿಗೆ ಅದನ್ನು ನೋಡಿದಾಗ ಆಗುವ ಖುಷಿ ಬೇರೆಯವರಿಗೆ ಆಗಲಾರದು. ಆದರೆ ನಮ್ಮ ಪ್ಯಾಕೇಜುಗಳ ಪಟ್ಟಿ ತೆಗೆದು ನೋಡಿ: ಪಟ್ಟಾಯದ ಬೀಚು, ರಾತ್ರಿ ಶೋ, ಸಫಾರಿ, ಹರಳಿನ ಅಂಗಡಿ, ಮಾಲು, ದೇವಸ್ಥಾನಕ್ಕೆ ಬಸ್ಸಿನಿಂದ ಇಳಿದು ಹತ್ತುವಷ್ಟು ಹೊತ್ತು. ಸಂಸ್ಕೃತಿ ನೋಡಲು ಹೋಗುತ್ತೇವೆ ಎಂಬ ಮಾತಿಗೆ ಅರ್ಧ ದಿನವಾದರೂ ಕೊಡಬೇಡವೇ? (2025ರ ಜುಲೈನಲ್ಲಿ ಥಾಯ್ಲೆಂಡ್, ಕಾಂಬೋಡಿಯಾ ನಡುವೆ ಗುಂಡಿನ ಕಾಳಗವೇ ನಡೆದು ಗಡಿ ಮುಚ್ಚಿತು, ಡಿಸೆಂಬರ್‌ನಲ್ಲಿ ಮತ್ತೆ ಹೊತ್ತಿಕೊಂಡಿತು. ಬ್ಯಾಂಕಾಕಿನಿಂದ ರಸ್ತೆಯಲ್ಲೇ ಅಂಕೋರ್‌ಗೆ ಕರೆದೊಯ್ಯುತ್ತೇವೆ ಎನ್ನುವವರನ್ನು ಎರಡು ಸಲ ಕೇಳಿ.)

ಈಗ ಯಾರು ಏನು ಮಾಡಬೇಕು ಎಂಬ ಮಾತು. ಡೀಲರ್ ಟೂರ್ ಒಯ್ಯುವ ಕಂಪನಿಗಳು ಮೊದಲ ಸಾಲಿನಲ್ಲಿ ಬರಬೇಕು, ಏಕೆಂದರೆ ನೂರಾರು ಮಂದಿಯ ಗುಂಪಿನಲ್ಲಿ ಒಂದು ಹೆಚ್ಚುವರಿ ಬ್ಯಾಗು ತೂರಿಸುವುದು ಎಲ್ಲಕ್ಕಿಂತ ಸುಲಭ. "ಶೆಟ್ರೆ, ನಿಮ್ ಬ್ಯಾಗಲ್ಲಿ ತೂಕ ಕಮ್ಮಿ ಐತಿ, ಇದೊಂದು ಪೊಟ್ಟಣ ಇಟ್ಕೊಳ್ರಿ" ಎಂದು ಗುಂಪಿನವನೇ ಕೇಳಿದರೆ ದಾಕ್ಷಿಣ್ಯಕ್ಕೆ ಇಲ್ಲ ಎನ್ನಲಾಗುವುದಿಲ್ಲ. ನಮ್ಮ ಕಡೆಯವರ ದೊಡ್ಡ ದೌರ್ಬಲ್ಯವೇ ಈ ದಾಕ್ಷಿಣ್ಯ. ಹೋಗುವಾಗ, ಬರುವಾಗ ಪ್ರತಿಯೊಬ್ಬರ ಬ್ಯಾಗಿನ ಫೋಟೊ, ತೂಕ ಬರೆದಿಡುವುದು ಟೂರ್ ಮ್ಯಾನೇಜರನ ಕೆಲಸವಾಗಲಿ. ಕಂಪನಿಯೇ ಆ ನಿಯಮ ಹಾಕಿದರೆ ಡೀಲರಿಗೂ ಮುಖ ಉಳಿಸಿಕೊಂಡು ಬೇಡ ಎನ್ನಲು ದಾರಿಯಾಗುತ್ತದೆ.

ಕಾಲೇಜುಗಳು ಡ್ರಗ್ಸ್ ವಿರೋಧಿ ದಿನದಂದು ಮೆರವಣಿಗೆ ಮಾಡಿಸಿ ಫೋಟೊ ತೆಗೆಸಿಕೊಳ್ಳುತ್ತವೆ. ಸೇದಬೇಡಿ ಎಂದು ಹೇಳುತ್ತವೆಯೇ ಹೊರತು ಹೊರಬೇಡಿ ಎಂದು ಹೇಳುವುದಿಲ್ಲ. ಒಂದು ಬೀಡಿಯನ್ನೂ ಮುಟ್ಟದ ಹುಡುಗ ಈ ಜಾಲಕ್ಕೆ ಬೀಳಬಹುದು, ಮಾಲಿನ ಒಡೆಯರಿಗೆ ಬೇಕಾದವನೂ ಅಂಥವನೇ. ಕೊನೆಯ ವರ್ಷದ ವಿದ್ಯಾರ್ಥಿಗಳಿಗೆ ವಕೀಲರೊಬ್ಬರನ್ನು ಕರೆಸಿ ಅರ್ಧ ಗಂಟೆ ಆ 35ನೇ ಕಲಂ ಓದಿಸಿದರೆ ಹತ್ತು ಮೆರವಣಿಗೆಗಿಂತ ಹೆಚ್ಚಿನ ಕೆಲಸವಾದೀತು. ವಿದೇಶದ ಕೆಲಸ ಎಂದು ಯಾರಾದರೂ ಬಂದರೆ ಆ ಏಜೆಂಟನ ಹೆಸರು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ತಾಣದ ನೋಂದಾಯಿತರ ಪಟ್ಟಿಯಲ್ಲಿದೆಯೇ ಎಂದು ನೋಡುವುದನ್ನೂ ಅಲ್ಲೇ ಕಲಿಸಬಹುದು.

ಪೊಲೀಸ್ ಇಲಾಖೆಗೆ ನಮ್ಮದೊಂದು ಸಲಹೆ, ಖರ್ಚಿಲ್ಲದ್ದು. ಪಾಸ್‌ಪೋರ್ಟ್ ಅರ್ಜಿ ಹಾಕಿದವರ ಮನೆಗೆ ಪರಿಶೀಲನೆಗೆಂದು ಪೇದೆ ಹೋಗುತ್ತಾರೆ, ಇಲ್ಲವೇ ಅವರನ್ನೇ ಠಾಣೆಗೆ ಕರೆಯುತ್ತಾರೆ. ಮೊದಲ ಸಲ ಪಾಸ್‌ಪೋರ್ಟ್ ಪಡೆಯುವ ಪ್ರತಿಯೊಬ್ಬನೂ ಇಲಾಖೆಯ ಎದುರು ಕೂರುವ ಗಳಿಗೆ ಅದು. ಆಗ ಅವನ ಕೈಗೂ ಅವನ ತಾಯಿಯ ಕೈಗೂ ಒಂದು ಹಾಳೆ ಕೊಡಲಿ, ಕನ್ನಡದಲ್ಲಿ, ದೊಡ್ಡಕ್ಷರದಲ್ಲಿ: ಬೇರೆಯವರ ಬ್ಯಾಗು ಹಿಡಿಯಬೇಡ, ಟಿಕೆಟ್ ಕೊಟ್ಟವನ ವಿವರ ಮನೆಯಲ್ಲಿ ಬರೆದಿಡು, ಪಾಸ್‌ಪೋರ್ಟನ್ನು ಯಾರಿಗೂ ಒತ್ತೆ ಕೊಡಬೇಡ, ಸಿಕ್ಕಿಕೊಂಡರೆ ಬ್ಯಾಂಕಾಕ್, ಫ್ನೊಮ್ ಪೆನ್, ಯಾಂಗೂನ್ ರಾಯಭಾರ ಕಚೇರಿಗಳ ಫೋನು ಇವು, ಸೈಬರ್ ವಂಚನೆಗೆ 1930. ಅಂಚೆ ಕಚೇರಿಯ ಪಾಸ್‌ಪೋರ್ಟ್ ಸೇವಾ ಕೇಂದ್ರದ ಗೋಡೆಗೂ ಅದೇ ಹಾಳೆ ಅಂಟಿಸಲಿ. ಏಪ್ರಿಲ್ ಹಬ್ಬಕ್ಕೆ ಟೂರಿನವರು ಸಂಕ್ರಾಂತಿಯ ಹೊತ್ತಿಗೇ ಮುಂಗಡ ಕೇಳತೊಡಗುತ್ತಾರೆ. ಹಾಳೆ ಅಚ್ಚಾಗಿ ಠಾಣೆಗಳಿಗೆ ತಲುಪುವುದು ಅದಕ್ಕೂ ಮೊದಲು ಆಗಬೇಕು.